ಎರಡು ಸಲ ಸತ್ತ ಸೆಕ್ಟರ್

"ಏಳನೇದು ಯಾಕೆ ಕೊನೇಲಿ ಬಂತು?"

ನಾನು ಕೇಳಿಕೊಂಡದ್ದು ನನ್ನನ್ನೇ. ಕೋರ್ಟಿನ ಗುಮಾಸ್ತ ದೊನ್ ಪೊಲಿಕಾರ್ಪೊ ತಮ್ಮನ್ನು ಕೇಳಿದೆನೆಂದುಕೊಂಡು ಪೆನ್ನು ಎತ್ತಿ, ಇದನ್ನೂ ನಮೂನೆಯಲ್ಲಿ ಸೇರಿಸಬೇಕೇ ಎಂದು ವಿಚಾರಿಸಿದರು. ಬೇಡ ಎಂದೆ. ಬೆಳಿಗ್ಗೆ ಒಂಬತ್ತರಿಂದ ನಾನು ಕೆಮ್ಮಿದ್ದನ್ನೂ ಅವರು ಬರೆದುಕೊಂಡಿದ್ದಾರೇನೋ ಎಂಬ ಅನುಮಾನ ನನಗಿತ್ತು.

ಮೇಜಿನ ಮೇಲಿದ್ದದ್ದು ಲಾ ಪಿರುಲೇರಾ ಟೆಕೀಲಾ ಕಾರ್ಖಾನೆಯ ಎರಡು ಡಿಸ್ಕುಗಳು. ಜೋಡಿ ಡಿಸ್ಕು, ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಹುದುಗುವ ತೊಟ್ಟಿ ತೊಳೆಯಲು ಒಳಗಿಳಿದ ನಿಕಾಂದ್ರೊ ಉಸಿರುಕಟ್ಟಿ ಸತ್ತ ಮಂಗಳವಾರದ ಹನ್ನೊಂದು ನಿಮಿಷ, ಅಂದರೆ ಹತ್ತು ನಲವತ್ತಮೂರರಿಂದ ಐವತ್ತಮೂರರ ತನಕ, ಎರಡರಲ್ಲೂ ಹಾಳಾಗಿತ್ತು. ಅದಕ್ಕೆ ಮುಂಚಿನ ದಾಖಲೆಯಲ್ಲಿ ತೊಟ್ಟಿಯ ಗಾಳಿಯಂತ್ರ ಓಡುತ್ತಿತ್ತು. ಅದರ ನಂತರದ ದಾಖಲೆಯಲ್ಲಿ ನಿಂತಿತ್ತು.

ನಿಲ್ಲಿಸಿದವನು ಮೇಸ್ತ್ರಿ ತೇಯೊ ಎಂದು ಕಾರ್ಖಾನೆ ಹೇಳುತ್ತಿತ್ತು. ನಾನು ಮುಟ್ಟಲೇ ಇಲ್ಲ ಎಂದು ತೇಯೊ ಜೈಲಿನಿಂದ ಹೇಳುತ್ತಿದ್ದ. ಯಂತ್ರ ನಿಲ್ಲಿಸಬೇಕಾದರೆ ಫಲಕಕ್ಕೆ ಕಾರ್ಡು ತಾಗಿಸಬೇಕು, ಆ ಕಾರ್ಡಿನ ನಂಬರು ದಾಖಲೆಯಾಗುತ್ತದೆ. ಆ ನಂಬರು ಹನ್ನೊಂದು ನಿಮಿಷದೊಳಗೆ ಎಲ್ಲೋ ಇತ್ತು. ಅವತ್ತು ಬುಧವಾರ, ವಿಚಾರಣೆ ಶುಕ್ರವಾರ. ಆ ನಂಬರು ಸಿಗದಿದ್ದರೆ ತೇಯೊ ಕಡಿಮೆಯೆಂದರೂ ಎಂಟು ವರ್ಷ ಒಳಗಿರುತ್ತಾನೆ ಎಂದು ಅವನ ವಕೀಲರೇ ನನಗೆ ಹೇಳಿದ್ದರು.

"ಗಸ್ತು ಒಂದೊಂದ್ಸಲ ತಪ್ಪುತ್ತೆ ಮೇಡಂ," ಎಂದ ಹಿಲ್ದಾರ್ದೊ, ಮೂಲೆಯ ಕುರ್ಚಿಯಿಂದ.

ಹಿಲ್ದಾರ್ದೊ ಈ ಡಿಸ್ಕುಗಳನ್ನು ಒಳಗಿಟ್ಟು ನಡೆಸುವ ಪೆಟ್ಟಿಗೆ ಮಾಡಿದ ಕಂಪನಿಯ ಪರವಾಗಿ ಬಂದಿದ್ದ. ಅದು ನಾನು ಮೂವತ್ತೊಂದು ವರ್ಷ ದುಡಿದ ಕಂಪನಿಯೇ. ಅವನು ಕಾಲೇಜು ಮುಗಿಸಿ ನೇರ ನನ್ನ ಕೈಕೆಳಗೆ ಬಂದವನು. ಈಗ ತಲೆಯ ನಡುವೆ ಕೂದಲು ಉದುರಿದೆ, ಗ್ವಾದಲಹಾರದ ಸುತ್ತಮುತ್ತ ನಮ್ಮ ಪೆಟ್ಟಿಗೆಗಳಿರುವ ಕಡೆಗೆಲ್ಲ ಅವನೇ ಹೋಗಿ ರಿಪೇರಿ ನೋಡುತ್ತಾನೆ. ಒಳ್ಳೆಯ ಹುಡುಗ ಎಂದು ಈಗಲೂ ಬಾಯಿಗೆ ಬರುತ್ತದೆ, ವಯಸ್ಸು ನಲವತ್ತು ದಾಟಿದ್ದರೂ.

"ಗಸ್ತು ಬರ್ದೋಳು ನಾನು," ಎಂದೆ. "ಅದು ತಪ್ಪೋದು ಹೇಗೆ ಅಂತ ನಂಗೆ ಗೊತ್ತು. ಈ ಥರ ತಪ್ಪಲ್ಲ."

ಸ್ವಲ್ಪ ವಿವರಿಸಬೇಕು. ಡಿಸ್ಕು ಎಂದರೆ ಕೋಟ್ಯಂತರ ಪುಟ್ಟ ತುಣುಕುಗಳು, ಒಂದೊಂದು ತುಣುಕೂ ಒಂದು ಸೆಕ್ಟರ್. ಲಾ ಪಿರುಲೇರಾದ ಯಂತ್ರ ಐದು ಸೆಕೆಂಡಿಗೊಂದು ಸಾಲು ಬರೆಯುತ್ತದೆ. ಒಂದು ನಿಮಿಷದ ಹನ್ನೆರಡು ಸಾಲು ಒಂದು ಸೆಕ್ಟರಿನಲ್ಲಿ ಹಿಡಿಸುತ್ತದೆ. ಹನ್ನೊಂದು ನಿಮಿಷ, ಹನ್ನೊಂದು ಸೆಕ್ಟರ್.

ಸೆಕ್ಟರುಗಳು ಹಾಳಾಗುವುದು ದಿನಬೆಳಗಾದರೆ ಇದ್ದದ್ದೇ. ಹಾಳಾದಾಗ ಪೆಟ್ಟಿಗೆ ಏನು ಮಾಡಬೇಕು, ಮಾಡಿದ್ದನ್ನು ಎಲ್ಲಿ ಬರೆದಿಡಬೇಕು, ನಾನು ಜೀವಮಾನವಿಡೀ ಮಾಡಿದ ಕೆಲಸ ಅಷ್ಟೇ. ಪ್ರತಿ ಡಿಸ್ಕಿನ ತುದಿಯಲ್ಲಿ ಗಿರಾಕಿಗೆ ಕಾಣದಂತೆ ಸ್ವಲ್ಪ ಜಾಗ ಬಿಟ್ಟಿರುತ್ತೇವೆ. ನಾನು ಯಾರು, ನನ್ನ ಜೋಡಿ ಯಾರು, ನನ್ನಲ್ಲಿ ಯಾವ ಸೆಕ್ಟರು ಯಾವಾಗ ಹಾಳಾಯಿತು ಎಂದು ಡಿಸ್ಕಿನ ಬಗ್ಗೆ ಪೆಟ್ಟಿಗೆ ಅಲ್ಲಿ ಬರೆದಿಡುತ್ತದೆ. ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಒಂದೊಂದು ಬದಲಾವಣೆಗೂ ಒಂದು ಕ್ರಮಸಂಖ್ಯೆ ಬೀಳುತ್ತದೆ, ಅದನ್ನು ತಿದ್ದಲು ಬರುವುದಿಲ್ಲ.

ಪ್ರತಿ ಭಾನುವಾರ ಪೆಟ್ಟಿಗೆ ತಾನಾಗಿಯೇ ಡಿಸ್ಕುಗಳನ್ನು ಮೊದಲಿಂದ ಕೊನೆಯ ತನಕ ಓದಿ ನೋಡುತ್ತದೆ. ಅದೇ ಗಸ್ತು. ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವ ಅಂಚೆಯವನಂತೆ ಅದು ಒಂದೇ ದಿಕ್ಕಿಗೆ ಹೋಗುತ್ತದೆ.

ಆ ಹನ್ನೊಂದು ಸೆಕ್ಟರುಗಳ ಮುಂದೆ ಮೆಟಾಡೇಟಾದಲ್ಲಿ 'ಗಸ್ತಿನಲ್ಲಿ ಕಂಡದ್ದು' ಎಂದು ಬರೆದಿತ್ತು. ಕ್ರಮಸಂಖ್ಯೆಯ ಪ್ರಕಾರ ಅವು ಪಟ್ಟಿಗೆ ಸೇರಿದ ರೀತಿ ಹೀಗಿತ್ತು: ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ಎಂಟು, ಒಂಬತ್ತು, ಹತ್ತು, ಹನ್ನೊಂದು. ಎಲ್ಲ ಮುಗಿದ ಮೇಲೆ ಏಳು.

"ಗಸ್ತು ಹಿಂದಕ್ಕೆ ತಿರುಗಲ್ಲ ಕಣೋ," ಎಂದೆ. "ಮನುಷ್ಯ ತಿರುಗ್ತಾನೆ. ಏನೋ ಬಿಟ್ಟೆ ಅಂತ ನೆನಪಾದ್ರೆ."

ಹಿಲ್ದಾರ್ದೊ ಎರಡು ನಿಮಿಷ ಬಿಟ್ಟು ಫೋನು ಮಾಡಬೇಕೆಂದು ಹೊರಗೆ ಹೋದ. ದೊನ್ ಪೊಲಿಕಾರ್ಪೊ ಅವನು ಹೋದ ಸಮಯವನ್ನು ಬರೆದುಕೊಂಡರು. ಮೊದಲ ಬಾರಿಗೆ ಆ ಮನುಷ್ಯನ ಬರೆಯುವ ಚಟ ನನಗೆ ಇಷ್ಟವಾಯಿತು.

ಸೆಕ್ಟರು ಹಾಳು ಎಂದು ಕೈಯಾರೆ ಗುರುತು ಹಾಕಲು ರಿಪೇರಿಯವರ ಕೀಲಿ ಬೇಕು. ಅಂಥ ಕೀಲಿ ಇದ್ದದ್ದು ಇಬ್ಬರ ಹತ್ತಿರ: ಕಾರ್ಖಾನೆಯ ಯಂತ್ರ ವಿಭಾಗದ ಅಬುಂದಿಯೊ ಮತ್ತು ಹಿಲ್ದಾರ್ದೊ. ಗುರುತು ಬಿದ್ದದ್ದು ನಿಕಾಂದ್ರೊ ಸತ್ತ ಆರನೆಯ ದಿನ, ಸೋಮವಾರ. ಅವತ್ತು ಅಬುಂದಿಯೊ ಊರಲ್ಲೇ ಇರಲಿಲ್ಲ; ತಂಗಿಯ ಮದುವೆಗೆ ಲಿಯೋನಿಗೆ ಹೋಗಿದ್ದ, ಮೆರವಣಿಗೆಯಲ್ಲಿ ಕುಣಿಯುವ ಹದಿನೆಂಟು ಫೋಟೋಗಳನ್ನು ತಾನಾಗಿಯೇ ತಂದು ನನಗೆ ತೋರಿಸಿದ್ದ. ಗೇಟಿನ ಪುಸ್ತಕದಲ್ಲಿ ಸೋಮವಾರದ ಪುಟದಲ್ಲಿದ್ದದ್ದು ಹಿಲ್ದಾರ್ದೊನ ಸಹಿ. ಕಾರಣ: ವಾರ್ಷಿಕ ತಪಾಸಣೆ.

ಮಾಡಿದವನು ಯಾರೆಂಬುದು ನನಗೆ ಆಗಲೇ ಗೊತ್ತಾಗಿಬಿಟ್ಟಿತ್ತು. ಆದರೆ ಯಾರು ಅಳಿಸಿದರು ಎಂಬುದರಿಂದ ತೇಯೊ ಬಿಡುಗಡೆಯಾಗುವುದಿಲ್ಲ. ಅಳಿಸಿದ್ದರಲ್ಲಿ ಏನಿತ್ತು ಎಂಬುದು ಬೇಕಿತ್ತು. ಅಲ್ಲಿ ನನ್ನದೇ ಚತುರತೆ ನನಗೆ ಅಡ್ಡ ಬಂದಿತ್ತು. ಹಾಳು ಎಂದು ಗುರುತು ಹಾಕಿದ ಸೆಕ್ಟರಿನ ಮೇಲೆ ನಮ್ಮ ಪೆಟ್ಟಿಗೆ ಬರೀ ಸೊನ್ನೆ ಬರೆದುಬಿಡುತ್ತದೆ. ಕಳೆದುಹೋದದ್ದನ್ನು ಕಳೆದುಹೋಯಿತು ಎಂದೇ ಪೆಟ್ಟಿಗೆ ಹೇಳಬೇಕು, ಅರೆಬರೆ ಓದಿ ಬಾಯಿಗೆ ಬಂದದ್ದು ಹೇಳಬಾರದು ಎಂದು ಜಗಳವಾಡಿ ಆ ನಿಯಮ ತಂದವಳು ನಾನೇ.

ಹಾಗಾಗಿ ಮತ್ತೆ ಅದೇ ಪ್ರಶ್ನೆಗೆ ಬಂದೆ. ಆರಾದ ಮೇಲೆ ಏಳನ್ನು ಯಾಕೆ ಬಿಟ್ಟ?

ಮರೆತು ಬಿಡುವವನಲ್ಲ ಹಿಲ್ದಾರ್ದೊ. ಆರಾದ ಮೇಲೆ ಏಳಕ್ಕೇ ಹೋಗಿರುತ್ತಾನೆ. ಅದು ಒಪ್ಪಿರುವುದಿಲ್ಲ. ನಮ್ಮ ಪೆಟ್ಟಿಗೆ ಹಾಗೆ ತಿರಸ್ಕರಿಸುವುದು ಒಂದೇ ಒಂದು ಸಂದರ್ಭದಲ್ಲಿ: ಆ ಸೆಕ್ಟರು ಆಗಲೇ ಒಮ್ಮೆ ಹಾಳಾಗಿದ್ದರೆ.

ಡಿಸ್ಕಿನ ಸ್ವಂತ ಪಟ್ಟಿಯನ್ನು ತೆಗೆದೆ. ಇದು ನಮ್ಮ ಪಟ್ಟಿಯಲ್ಲ. ಡಿಸ್ಕು ತಯಾರಿಸಿದವರು ಒಳಗೆ ಇಟ್ಟುಕೊಂಡಿರುವ, ನಮ್ಮಂಥವರು ತಿರುಗಿ ನೋಡದ ಪಟ್ಟಿ. ಮೊದಲನೆಯ ಡಿಸ್ಕಿನಲ್ಲಿ, ಭಾನುವಾರ ಬೆಳಿಗ್ಗೆ ಆರೂವರೆಗೆ, ನಿಜವಾದ ಗಸ್ತು ಏಳನೆಯ ಸೆಕ್ಟರು ನಿತ್ರಾಣವಾಗಿದೆ ಎಂದು ಕಂಡುಕೊಂಡಿತ್ತು. ಜೋಡಿ ಡಿಸ್ಕಿನಿಂದ ಆ ನಿಮಿಷವನ್ನು ತಂದು ಮೀಸಲು ಜಾಗದಲ್ಲಿ ಬರೆದು, ಹಳೆಯ ಜಾಗದ ಬಾಗಿಲು ಹಾಕಿತ್ತು.

ಮಾರನೆಯ ದಿನ ಹಿಲ್ದಾರ್ದೊ ಸೊನ್ನೆ ಬರೆದದ್ದು ಮೀಸಲು ಜಾಗದ ಮೇಲೆ. ಹಳೆಯ ಜಾಗವನ್ನು ಅವನು ಮುಟ್ಟಿರಲಿಲ್ಲ. ಮುಟ್ಟಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ, ಯಾಕೆಂದರೆ ಹಾಗೆ ಕಲಿಸಿದವಳು ನಾನು. ಸೆಕ್ಟರು ಬದಲಾಯಿತು ಅಂದ್ರೆ ಮುಗೀತು, ಹಳೇದು ಎಲ್ಲಿದೆ ಅಂತ ತಲೆ ಕೆಡಿಸ್ಕೋಬೇಡಿ, ಅದು ಡಿಸ್ಕು ಮಾಡಿದೋರ ತಲೆನೋವು. ಇಪ್ಪತ್ತು ವರ್ಷ ಪ್ರತಿ ತಂಡಕ್ಕೂ ಇದನ್ನೇ ಹೇಳಿದ್ದೇನೆ.

ಹತ್ತು ನಲವತ್ತೊಂಬತ್ತರ ಒಂದು ನಿಮಿಷ ಇನ್ನೂ ಅಲ್ಲೇ ಇತ್ತು. ಹನ್ನೊಂದರಲ್ಲಿ ಒಂದು. ಯಂತ್ರ ನಿಂತದ್ದು ಆ ನಿಮಿಷದಲ್ಲೇ ಆಗಿದ್ದರೆ ತೇಯೊನ ಅದೃಷ್ಟ.

ನಿತ್ರಾಣವಾದ ಸೆಕ್ಟರನ್ನು ಒಂದೇ ಸಲಕ್ಕೆ ಓದಲಾಗುವುದಿಲ್ಲ. ಓದುವ ತಲೆಯನ್ನು ಕೂದಲೆಳೆಗಿಂತಲೂ ಕಡಿಮೆ ಆಚೀಚೆ ಸರಿಸಿ, ನೂರಾರು ಸಲ ಓದಿ, ಹೆಚ್ಚು ಸಲ ಬಂದದ್ದನ್ನು ಸರಿ ಎಂದು ಹಿಡಿಯಬೇಕು. ಸೆಕ್ಟರಿನ ಬಾಲದಲ್ಲಿ ಎಂಟು ಅಕ್ಷರದಷ್ಟು ಜಾಗದಲ್ಲಿ ಒಂದು ತಾಳೆಸಂಖ್ಯೆ ಇರುತ್ತದೆ. ಓದಿದ್ದೆಲ್ಲ ಸರಿಯಿದ್ದರೆ ಮಾತ್ರ ಅದು ತಾಳೆಯಾಗುತ್ತದೆ. ತಾಳೆಯಾಗುವ ತನಕ ಓದಿದ್ದನ್ನು ಪರದೆಯ ಮೇಲೆ ತೋರಿಸುವಂತಿಲ್ಲ, ಕೋರ್ಟಿನ ಕಟ್ಟಳೆ. ತಾಳೆಯಾದ ಕ್ಷಣ ಕಾಗದದ ಮೇಲೆ ಅಚ್ಚಾಗಿ, ಇಬ್ಬರ ಸಹಿಯೊಂದಿಗೆ ಲಕೋಟೆಗೆ ಹೋಗಬೇಕು.

ಮೊದಲ ನೂರು ಓದಿಗೆ ನಲವತ್ತೊಂದು ಕಡೆ ಅನುಮಾನ ಉಳಿದಿತ್ತು. ಮುನ್ನೂರಕ್ಕೆ ಹದಿನೇಳು. ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಮೂರು ಉಳಿಯಿತು. ಎರಡು ಗಂಟೆಗೆ ದೊನ್ ಪೊಲಿಕಾರ್ಪೊ ಪೆನ್ನಿನ ಮುಚ್ಚಳ ಹಾಕಿ ಊಟದ ಹೊತ್ತಾಯಿತೆಂದರು. ಮೂರೇ ಮೂರು ಉಳಿದಿದೆ ಎಂದೆ. ಊಟ ಮಾಡಿದ ಮೇಲೂ ಮೂರೇ ಇರುತ್ತದೆ ಎಂದು ಹೇಳಿ ಯಂತ್ರ ನಿಲ್ಲಿಸಿ, ಬಾಗಿಲಿಗೆ ಅರಗಿನ ಮುದ್ರೆ ಒತ್ತಿ, ಟೋಪಿ ಹಾಕಿಕೊಂಡು ಹೊರಟುಹೋದರು.

ನಾನು ಬೀದಿಯ ಮೂಲೆಯ ತೋರ್ತಾ ಅಂಗಡಿಗೆ ಹೋದೆ. ಹಿಲ್ದಾರ್ದೊ ಅಲ್ಲಿ ಮೊದಲೇ ಕುಳಿತಿದ್ದ. ಅವನ ಮುಂದಿನ ತಟ್ಟೆಯಲ್ಲಿ ಹಂದಿಮಾಂಸ ತುಂಬಿದ ಬ್ರೆಡ್ಡು ಖಾರದ ಸಾರಿನಲ್ಲಿ ಮುಳುಗಿ ಮೆತ್ತಗಾಗಿತ್ತು. ಒಂದು ತುತ್ತೂ ತಿಂದಿರಲಿಲ್ಲ. ನಾನು ಎದುರಿಗೆ ಕುಳಿತು ನನಗೂ ಒಂದು ತರಿಸಿಕೊಂಡೆ. ಕೋಪ ಬಂದಾಗ ನನಗೆ ಹಸಿವು ಹೆಚ್ಚು.

"ಏಳನೇದ್ರ ಹಳೇ ಜಾಗ ಓದ್ತಿದೀನಿ, ಮೂರೇ ಅನುಮಾನ ಉಳಿದಿದೆ. ಎಷ್ಟಕ್ಕೆ ಮಾರ್ಕೊಂಡೆ ನಿನ್ನ?" ಎಂದೆ.

"ನನ್ನ ಯಾರೂ ಕೊಂಡ್ಕೊಂಡಿಲ್ಲ ಮೇಡಂ."

"ಹಾಗಾದ್ರೆ ಪುಕ್ಕಟೆ ಮಾಡ್ದೆಯಾ? ಇನ್ನೂ ಚೆನ್ನಾಗಿದೆ."

ಅವನು ಅಲ್ಲಗಳೆಯಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಸೋಮವಾರ ಕೀಲಿ ಬಳಸಿದ್ದು, ಹತ್ತು ಸೆಕ್ಟರುಗಳಿಗೆ ಗುರುತು ಹಾಕಿದ್ದು, ಏಳನೆಯದು ಒಪ್ಪದಿದ್ದದ್ದು, ಸತ್ತುಹೋಗಿದೆ ಬಿಡು ಎಂದು ಮುಂದೆ ಹೋದದ್ದು, ಕೊನೆಗೆ ಪರೀಕ್ಷೆಗೆಂದು ಓದಿದರೆ ಅದು ಮೀಸಲು ಜಾಗದಿಂದ ಚೆನ್ನಾಗಿಯೇ ಓದಲು ಬಂದದ್ದು, ಗಾಬರಿಯಾಗಿ ಬೇರೆ ದಾರಿಯಿಂದ ಅದರ ಮೇಲೂ ಸೊನ್ನೆ ಬರೆದದ್ದು, ಗಸ್ತಿನ ಹೆಸರು ಹಾಕಿದ್ದು. ಎಲ್ಲವನ್ನೂ ಅವನು ಬೇರೆ ಯಾರದೋ ಕೆಲಸದ ವರದಿ ಒಪ್ಪಿಸುವ ಹಾಗೆ ಒಪ್ಪಿಸಿದ. ಒಂದೇ ನಿಮಿಷ ಸಾಕಾಗಿತ್ತಲ್ಲ, ಹನ್ನೊಂದು ಯಾಕೆ ಎಂದು ಕೇಳಿದೆ. ಒಂದೇ ಆಗಿದ್ದರೆ ನಿಮಗೆ ಇನ್ನೂ ಬೇಗ ಅನುಮಾನ ಬರುತ್ತಿತ್ತು ಎಂದ.

"ಯಾಕೋ?" ಎಂದೆ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ತೇಯೊಗೋಸ್ಕರ."

"ಏನಂದೆ?"

"ಅಳಿಸೋಕೆ ಮುಂಚೆ ನಾನು ಓದಿದೀನಿ ಮೇಡಂ. ಅದ್ರಲ್ಲಿರೋದು ತೇಯೊ ಕಾರ್ಡಿನ ನಂಬರೇ. ನೀವು ಅವನನ್ನ ಬಿಡಿಸ್ತೀನಿ ಅಂತ ಓದ್ತಿದೀರ. ಓದಿದ್ರೆ ಅವನು ಮುಗ್ದ."

ನಾನು ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದೆ.

ತೇಯೊ ಅವನಿಗೇನಾಗಬೇಕು ಎಂದು ಕೇಳುವಷ್ಟರಲ್ಲಿ ಉತ್ತರ ಬಾಗಿಲಿನಿಂದ ಬಂತು. ತೇಯೊನ ಅಕ್ಕ ಕಸಿಲ್ದಾ ಒಳಗೆ ಬರುತ್ತಿದ್ದಳು. ತೊನಲಾದಲ್ಲಿ ಮಣ್ಣಿನ ಪಾತ್ರೆಗಳಿಗೆ ಬಣ್ಣ ಬಳಿಯುವವಳು. ಉಗುರಿನ ಸಂದಿಯಲ್ಲಿ ಸದಾ ನೀಲಿ ಇರುತ್ತದೆ. ನನ್ನನ್ನು ಈ ಕೆಲಸಕ್ಕೆ ಹಿಡಿದು ತಂದವಳೂ ಅವಳೇ. ನನ್ನನ್ನು ಕಂಡು ತಲೆಯಾಡಿಸಿ, ಹಿಲ್ದಾರ್ದೊನನ್ನು ಕಂಡು ನಿಂತಳು.

"ಕೊಂಪಾದ್ರೆ," ಎಂದಳು. "ಇಲ್ಲಿದೀರಾ."

ತೇಯೊನ ಮಗಳಿಗೆ ದೀಕ್ಷಾಸ್ನಾನವಾದ ದಿನ ಮಗುವನ್ನು ಕೈಯಲ್ಲಿ ಎತ್ತಿ ಹಿಡಿದವನು ಹಿಲ್ದಾರ್ದೊ. ನಮ್ಮಲ್ಲಿ ಹಾಗೆ ಎತ್ತಿ ಹಿಡಿದವನು ಮಗುವಿನ ಅಪ್ಪನಿಗೆ ಕೊಂಪಾದ್ರೆ. ಒಡಹುಟ್ಟಿದವರ ಮಾತು ಮೀರಿದರೂ ಕೊಂಪಾದ್ರೆಯ ಮಾತು ಮೀರುವುದಿಲ್ಲ. ಇಷ್ಟು ದಿನ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಕಸಿಲ್ದಾ ಎಲ್ಲರಿಗೂ ಗೊತ್ತಿರುತ್ತದೆಂದು ಹೇಳಿರಲಿಲ್ಲ, ಹಿಲ್ದಾರ್ದೊ ಬೇಕೆಂದೇ ಹೇಳಿರಲಿಲ್ಲ.

"ಅವನನ್ನ ನೋಡೋಕೆ ಯಾವಾಗ ಹೋಗ್ತೀರಿ?" ಎಂದು ಕಸಿಲ್ದಾ ನಿಂತಲ್ಲಿಂದಲೇ ಕೇಳಿದಳು. "ಪ್ರತಿ ಗುರುವಾರ ಕೇಳ್ತಾನೆ. ಕೊಂಪಾದ್ರೆ ಬಂದ್ರಾ, ಕೊಂಪಾದ್ರೆ ಬಂದ್ರಾ ಅಂತ."

"ನಾಳೆ ಹೋಗ್ತೀನಿ," ಎಂದ ಹಿಲ್ದಾರ್ದೊ.

"ಹೋದ ವಾರಾನೂ ನಾಳೆ ಅಂದಿದ್ರಿ."

ಅವನು ಎದ್ದು ಅವಳಿಗೆ ಕುರ್ಚಿ ಕೊಟ್ಟ. ನನ್ನ ಪಕ್ಕಕ್ಕೆ ಬಗ್ಗಿ, ಅವಳಿಗೆ ಕೇಳಿಸದ ಹಾಗೆ, "ಮೂರು ಉಳಿದಿದೆ ಅಂದ್ರಲ್ಲ. ಓದೋಕಾಗ್ಲಿಲ್ಲ ಅಂತ ಬರೀರಿ ಮೇಡಂ. ಯಾರಿಗೂ ಗೊತ್ತಾಗಲ್ಲ," ಎಂದು ಹೇಳಿ, ಇಬ್ಬರ ಊಟದ ದುಡ್ಡನ್ನೂ ಗಲ್ಲಾದ ಮೇಲಿಟ್ಟು ಹೋದ.

ಅವನು ಹೇಳಿದ್ದು ನಿಜ. ಆ ಮೂರು ಅನುಮಾನಗಳು ತೀರುವ ಮುಂಚೆ ನಾನು ನಿಲ್ಲಿಸಿದರೆ ಯಾರೂ ಪ್ರಶ್ನೆ ಕೇಳುವಂತಿರಲಿಲ್ಲ. ಹಳೆಯ ಡಿಸ್ಕು, ನಿತ್ರಾಣ ಸೆಕ್ಟರು, ಅರವತ್ತಮೂರು ವರ್ಷದ ಹೆಂಗಸು. ಆಗ ತೇಯೊನ ವಿರುದ್ಧ ಬರೀ ಕಾರ್ಖಾನೆಯ ಬಾಯಿಮಾತು ಉಳಿಯುತ್ತಿತ್ತು. ಬಾಯಿಮಾತನ್ನು ಒಳ್ಳೆಯ ವಕೀಲರು ಸ್ವಲ್ಪವಾದರೂ ಅಲ್ಲಾಡಿಸಬಹುದು. ಅಚ್ಚಾದ ನಂಬರನ್ನು ಅಲ್ಲಾಡಿಸಲು ಬರುವುದಿಲ್ಲ.

ಕಸಿಲ್ದಾ ಊಟ ಬೇಡವೆಂದಳು. ತಂದಿದ್ದ ಚೀಲದಿಂದ ಒಂದು ಪುಟ್ಟ ಬಟ್ಟಲು ತೆಗೆದು ನನ್ನ ಮುಂದಿಟ್ಟಳು. ನೀಲಿ ಹಕ್ಕಿಯ ಚಿತ್ರ, ಇನ್ನೂ ಬಣ್ಣದ ವಾಸನೆ ಬರುತ್ತಿತ್ತು. ನಿಮಗೆ ಕೊಡಲು ನನ್ನ ಹತ್ತಿರ ಬೇರೇನೂ ಇಲ್ಲ ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

"ಕಸಿಲ್ದಾ," ಎಂದೆ, "ಅದ್ರಲ್ಲಿ ನಿನ್ನ ತಮ್ಮನಿಗೆ ವಿರುದ್ಧವಾಗಿರೋದೇ ಸಿಕ್ಕಿದ್ರೆ?"

"ಸಿಗಲ್ಲ."

"ಸಿಕ್ಕಿದ್ರೆ ಅಂದೆ."

ಅವಳು ಬಟ್ಟಲನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು. "ಸಿಕ್ಕಿದ್ರೆ ಅದಕ್ಕೇನಾದ್ರೂ ಕಾರಣ ಇರುತ್ತೆ ಇಂಜಿನಿಯರಮ್ಮ. ನೀವು ಓದಿ. ಅವನು ಮುಟ್ಟಿಲ್ಲ ಅಂದ್ಮೇಲೆ ಮುಟ್ಟಿಲ್ಲ."

ಮೂರೂ ಹತ್ತಕ್ಕೆ ದೊನ್ ಪೊಲಿಕಾರ್ಪೊ ಬಂದು ಅರಗು ಒಡೆದರು. ಮನೆಯವರು ಒಬ್ಬರು ಇರಬಹುದು ಎಂದು ನಿಯಮವಿದ್ದ ಕಾರಣ ಕಸಿಲ್ದಾ ಮೂಲೆಯ ಕುರ್ಚಿಯಲ್ಲಿ ಕುಳಿತಳು. ಹಿಲ್ದಾರ್ದೊ ಹಿಂದಕ್ಕೆ ಬರಲಿಲ್ಲ. ಕಂಪನಿಯ ಪ್ರತಿನಿಧಿ ಗೈರು ಎಂದು ದೊನ್ ಪೊಲಿಕಾರ್ಪೊ ಬರೆದುಕೊಂಡರು.

ಗುಂಡಿ ಒತ್ತುವ ಮುಂಚೆ, ಸುಳ್ಳು ಹೇಳುವುದಿಲ್ಲ, ನಿಲ್ಲಿಸಿಬಿಡೋಣ ಅನ್ನಿಸಿತ್ತು. ಹಿಲ್ದಾರ್ದೊ ಕೊಂಪಾದ್ರೆಗಾಗಿ ತನ್ನ ಕೆಲಸವನ್ನೇ ಪಣಕ್ಕಿಟ್ಟಿದ್ದಾನಲ್ಲ ಎಂದು ಅವನ ಮೇಲೆ ಇದ್ದ ಸಿಟ್ಟು ಕರಗಿ, ಅದರ ಜಾಗದಲ್ಲಿ ಒಂದು ಥರ ಅಕ್ಕರೆ ಬಂದಿತ್ತು. ಹುಡುಗ ಕೆಟ್ಟಿಲ್ಲ, ಕೆಟ್ಟ ಕೆಲಸ ಮಾಡಿದ್ದಾನೆ ಅಷ್ಟೆ ಎಂದುಕೊಂಡೆ. ಆದರೆ ನಿಕಾಂದ್ರೊ ಎಂಬವನೊಬ್ಬ ಆ ತೊಟ್ಟಿಯ ತಳದಲ್ಲಿ ಸತ್ತಿದ್ದ. ಓದಲು ಬರುವುದನ್ನು ಓದಲಾಗಲಿಲ್ಲ ಎಂದು ಬರೆಯಲು ನನ್ನ ಕೈ ಬರಲಿಲ್ಲ.

ಒತ್ತಿದೆ. ನಾನೂರರ ಓದಿಗೆ ಮೂರು ಎರಡಾಯಿತು. ಐನೂರಕ್ಕೂ ಎರಡೇ. ಆರುನೂರ ಹನ್ನೆರಡನೆಯ ಓದಿಗೆ ತಾಳೆಸಂಖ್ಯೆ ಕೂಡಿತು, ಅಚ್ಚುಯಂತ್ರ ಗೊರಗೊರ ಎನ್ನುತ್ತ ಕಾಗದ ಹೊರಗೆ ತಳ್ಳಿತು.

ಹನ್ನೆರಡು ಸಾಲು. ಮೊದಲ ಏಳರಲ್ಲಿ ಗಾಳಿಯಂತ್ರ ಓಡುತ್ತಿದೆ. ಎಂಟನೆಯ ಸಾಲಿನಲ್ಲಿ, ಹತ್ತು ನಲವತ್ತೊಂಬತ್ತು ಮೂವತ್ತೈದು ಸೆಕೆಂಡಿಗೆ, ಫಲಕದಿಂದ ನಿಲುಗಡೆ. ಕಾರ್ಡು ನಂಬರು 0417.

ದೊನ್ ಪೊಲಿಕಾರ್ಪೊ ಕಾರ್ಖಾನೆ ಕೊಟ್ಟ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದರು. ಬೆರಳು ಒಂದು ಕಡೆ ನಿಂತಿತು. ಅವರು ಆ ಹೆಸರನ್ನು ಗಟ್ಟಿಯಾಗಿ ಓದಲಿಲ್ಲ, ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಇಡೀ ದಿನದಲ್ಲಿ ಅವರು ನಿಯಮ ಬಿಟ್ಟು ಮಾಡಿದ್ದು ಅದೊಂದೇ.

ನಾನು ಸಹಿ ಮಾಡಿದೆ, ಅವರು ಸಹಿ ಮಾಡಿದರು. ಕಾಗದ ಲಕೋಟೆಗೆ ಹೋಯಿತು. ಅರಗು ಬಿತ್ತು. ಶುಕ್ರವಾರ ನ್ಯಾಯಾಧೀಶರ ಮೇಜಿನ ಮೇಲೆ ಮಾತ್ರ ಅದು ತೆರೆಯುತ್ತದೆ.

ಕಸಿಲ್ದಾ ಹತ್ತಿರ ಬಂದಳು. ನಾನು ಎದ್ದು ಅವಳ ಎರಡೂ ಕೈ ಹಿಡಿದುಕೊಂಡೆ. ಇಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ನಿನ್ನ ತಮ್ಮನ ಕಾರ್ಡೇ," ಎಂದೆ. "ಕ್ಷಮಿಸು."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈ ಬಿಡಿಸಿಕೊಳ್ಳಲೂ ಇಲ್ಲ.

"ಕಾರ್ಡು ಅವನದೇ ಇರ್ಬಹುದು," ಎಂದಳು. "ಆದ್ರೆ ಅವತ್ತು ಅದು ಅವನ ಹತ್ರ ಇರ್ಲಿಲ್ಲ."

ದೊನ್ ಪೊಲಿಕಾರ್ಪೊ ಅವರ ಪೆನ್ನು ಗಾಳಿಯಲ್ಲೇ ನಿಂತಿತು.

"ಯಾರಿಗೂ ಹೇಳ್ಬೇಡ ಅಂತ ಅಮ್ಮನ ಮೇಲೆ ಆಣೆ ಹಾಕಿಸ್ಕೊಂಡಿದಾನೆ ಇಂಜಿನಿಯರಮ್ಮ. ಕಾರ್ಡು ಇನ್ನೊಬ್ರಿಗೆ ಕೊಟ್ರೆ ಕೆಲಸ ಹೋಗುತ್ತೆ, ಇಬ್ಬರದ್ದೂ. ಅದಕ್ಕಿಂತ ಹೆಚ್ಚಾಗಿ, ಅವರೇ ಬಂದು ಹೇಳ್ತಾರೆ, ನಾನು ಬಾಯಿಬಿಟ್ಟು ಅವರ ಮಾನ ಕಳೆಯಲ್ಲ ಅಂತಾನೆ. ಮಂಗಳವಾರ ಬೆಳಿಗ್ಗೆ ಅವರು ಪೆಟ್ಟಿಗೆ ನೋಡೋಕೆ ಬಂದಾಗ ಪಾಸು ರೆಡಿ ಇರ್ಲಿಲ್ವಂತೆ. ಗೇಟಲ್ಲಿ ಒಂದು ಗಂಟೆ ಯಾಕೆ ಕಾಯ್ತೀರಿ ಅಂತ ಇವನೇ ತನ್ನ ಕಾರ್ಡು ಅವರ ಕೊರಳಿಗೆ ಹಾಕಿ ಒಳಗೆ ಕಳ್ಸಿದ."

ಅವರು ಎಂದರೆ ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಗೇಟಿನ ಪುಸ್ತಕದ ಮಂಗಳವಾರದ ಪುಟದಲ್ಲಿ ಹಿಲ್ದಾರ್ದೊನ ಹೆಸರು ಹುಡುಕಿ, ಇಲ್ಲವೆಂದು ಸಮಾಧಾನಪಟ್ಟವಳು ನಾನೇ. ಅವನು ಅಳಿಸಿದ್ದು ತೇಯೊಗೋಸ್ಕರ ಅಲ್ಲ; ನಂಬರು ಹೊರಬಿದ್ದರೆ ಅವತ್ತು ಆ ಕಾರ್ಡು ಯಾರ ಹತ್ತಿರ ಇತ್ತು ಎಂಬ ಪ್ರಶ್ನೆಯೂ ಬರುತ್ತಿತ್ತು.

ಪ್ರತಿ ಗುರುವಾರ ಆ ಮನುಷ್ಯ ಜೈಲಿನ ಜಾಲರಿಯ ಹಿಂದೆ ನಿಂತು ಕೊಂಪಾದ್ರೆ ಬಂದರಾ ಎಂದು ಕೇಳುತ್ತಿದ್ದಾನೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಾಯುತ್ತಿದ್ದ. ಮತ್ತು ನಾನು ಈಗಷ್ಟೇ ಅವನ ನಂಬರನ್ನು ಅರಗು ಹಾಕಿ ಮುಚ್ಚಿದ್ದೆ. ಅದಕ್ಕೆ ಎದುರಾಗಿ ನಿಲ್ಲುವುದು ಅಕ್ಕನೊಬ್ಬಳ ಮಾತು, ಅಷ್ಟೇ.

"ಈ ಲಕೋಟೆ ತೆಗೆಯೋಕಾಗಲ್ವಾ?" ಎಂದು ಕೇಳಿದೆ. ಆಗುವುದಿಲ್ಲ ಎಂದರು ದೊನ್ ಪೊಲಿಕಾರ್ಪೊ. ದನಿಯಲ್ಲಿ ಬೇಸರವಿತ್ತು.

ಹಿಲ್ದಾರ್ದೊಗೆ ಫೋನು ಮಾಡಿದೆ. ಎತ್ತುವುದಿಲ್ಲವೆಂದುಕೊಂಡಿದ್ದೆ, ನಾಲ್ಕನೆಯ ಸಲಕ್ಕೆ ಎತ್ತಿದ.

"ಓದಿದ್ರಾ ಮೇಡಂ?" ಎಂದ.

"ಓದ್ದೆ. ನೀನು ಹೇಳಿದ ನಂಬರೇ. ಮಂಗಳವಾರ ಅದು ಯಾರ ಕೊರಳಲ್ಲಿತ್ತು?"

ಅವನ ಹಿಂದೆ ಮೈಕಿನಲ್ಲಿ ಹೆಂಗಸೊಬ್ಬಳು ಊರುಗಳ ಹೆಸರು ಹೇಳುತ್ತಿದ್ದಳು, ಒಂದಾದ ಮೇಲೊಂದು, ಉತ್ತರದ ದಾರಿಯುದ್ದಕ್ಕೂ: ತೆಪಿಕ್, ಮಸಾತ್ಲಾನ್, ಕುಲಿಯಾಕಾನ್, ಕೊನೆಗೆ ಗಡಿಯ ತಿಹುವಾನಾ. ನಾಲ್ಕನೆಯ ಬಾಗಿಲಿನ ಬಸ್ಸು ಹೊರಡುತ್ತಿದೆ, ಪ್ರಯಾಣಿಕರು ಹತ್ತಬೇಕು ಎಂದಳು.

"ತೇಯೊಗೆ ಹೇಳಿ," ಎಂದ ಹಿಲ್ದಾರ್ದೊ, "ನಾಳೆ ಬರೋಕಾಗಲ್ಲ ಅಂತ."